ಮಳೆಗಾಲಕ್ಕೆ ಮುಂಚೆ ಕ್ಯಾಮೆರಾ ರಿಪೇರಿ: ಬೂಷ್ಟು ಹಿಡಿದ ಲೆನ್ಸ್, ಒಣ ಡಬ್ಬಿ, ಸೆನ್ಸರ್ ಧೂಳು

ಮೇ ತಿಂಗಳ ಕೊನೆಯೊಳಗೆ ಮುಗಿಸಬೇಕಾದ ಕೆಲಸ ಇಷ್ಟು. ಬೂಷ್ಟು ಹಿಡಿದ ಹಳೆಯ 50 ಎಂಎಂ ಲೆನ್ಸ್ ಬಿಚ್ಚಿ ಒರೆಸಬೇಕು. ಕ್ಯಾಮೆರಾ ಸಾಮಾನೆಲ್ಲ ಇಡಲು ಗಾಳಿಯಾಡದ ಒಣ ಡಬ್ಬಿ ಒಂದಾಗಬೇಕು. ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲೆ ಕೂತ ಧೂಳು ತೆಗೆಯಬೇಕು. ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಿಡಿಕೆಯ ರಬ್ಬರ್ ಎದ್ದಿದೆ, ಅದನ್ನೂ ಅಂಟಿಸಬೇಕು.

ನಮ್ಮದು ತೀರ್ಥಹಳ್ಳಿ ಕಡೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಷ್ಟೆಲ್ಲ ನಮ್ಮ ಮನೆ ಮೇಲೆ ಬೀಳುವುದಿಲ್ಲ. ಆದರೆ ಮಳೆ ಹಿಡಿದರೆ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸಿನಲ್ಲೇ ಇರುತ್ತದೆ. ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಕಪಾಟಿನಲ್ಲಿಟ್ಟ ಕೋಟಿಗೂ ಬೂಷ್ಟು. ಲೆನ್ಸ್ ಒಂದನ್ನೇ ಅದು ಬಿಡುತ್ತದಾ?

ಹೊಸದಾಗಿ ಕ್ಯಾಮೆರಾ ತಗೊಳ್ಳುವವರು ಬಂದು ಕೇಳಿದರೆ ನಾನು ಮೆಗಾಪಿಕ್ಸೆಲ್ ಮಾತು ಆಮೇಲೆ ಆಡುತ್ತೇನೆ. ಮಲೆನಾಡು, ಕರಾವಳಿಯವರಿಗೆ ನನ್ನ ಮೊದಲ ಮಾತು ಇದು: ಒಣಗಿಸಿ ಇಟ್ಟುಕೊಳ್ಳಲು ಆಗುವಷ್ಟೇ ಸಾಮಾನು ತಗೊಳ್ಳಿ. ಎರಡನೇ ಲೆನ್ಸಿಗೆ ಮೊದಲು ಒಣ ಡಬ್ಬಿ ಆಗಲಿ. ಕೆಳಗಿನ ಕೆಲಸವೆಲ್ಲ ಈ ಮಾತಿನ ಮೇಲೇ ನಿಂತಿದೆ.

ಬಾಡಿ ಯಾಕೆ ಇದೇ

ನನ್ನದು ನಿಕಾನ್ ಡಿ7000. 2010ರಲ್ಲಿ ಬಂದ ಮಾಡೆಲ್, 16.2 ಮೆಗಾಪಿಕ್ಸೆಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇದನ್ನೇ ಹುಡುಕಿದ್ದಕ್ಕೆ ಕಾರಣ ಹಳೆಯ ಲೆನ್ಸ್‌ಗಳು. ನಿಕಾನ್‌ನ ಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಬಾಯಿ) 1959ರಿಂದ ನಡೆದುಬಂದಿದೆ. ಹಳೆಯ ಸ್ಟುಡಿಯೋಗಳಲ್ಲಿ, ಮನೆಗಳ ಕಪಾಟಿನಲ್ಲಿ ಆ ಲೆನ್ಸ್‌ಗಳು ಇನ್ನೂ ಸಿಗುತ್ತವೆ. ಡಿ3000, ಡಿ5000 ಸಾಲಿನ ಚಿಕ್ಕ ಬಾಡಿಗಳಿಗೆ ಹಳೆಯ ಎಐ (ಕೈಯಲ್ಲೇ ಫೋಕಸ್ ಮಾಡುವ) ಲೆನ್ಸ್ ಹಾಕಿದರೆ ಕೂರುತ್ತದೆ, ಆದರೆ ಬೆಳಕಿನ ಮೀಟರ್ ಕೆಲಸ ಮಾಡುವುದಿಲ್ಲ. ಒಳಗೆ ಫೋಕಸ್ ಮೋಟರ್ ಇಲ್ಲದ್ದರಿಂದ ಹಳೆಯ ಎಎಫ್-ಡಿ (ಬಾಡಿಯ ಮೋಟರಿನಿಂದ ಫೋಕಸ್ ಆಗುವ) ಲೆನ್ಸ್‌ಗಳಲ್ಲಿ ಆಟೋಫೋಕಸ್ಸೂ ಇಲ್ಲ. ಡಿ7000ದಲ್ಲಿ ಎರಡೂ ಇದೆ. ಮೆನುವಿನಲ್ಲಿ ಲೆನ್ಸ್ ಎಷ್ಟು ಎಂಎಂ, ಅದರ ದೊಡ್ಡ ಅಪರ್ಚರ್ (ಬೆಳಕು ಹೋಗುವ ಕಿಂಡಿ) ಎಷ್ಟು ಅಂತ ಒಮ್ಮೆ ಬರೆದಿಟ್ಟರೆ ಸಾಕು, ಮೀಟರ್ ಸರಿಯಾಗಿ ಓದುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ನಾನು ಮೊದಲು ಕೇಳುವುದು ಆಗಷ್ಟೇ ತೆಗೆದ, ತಿದ್ದದ ಒಂದು ಫೋಟೋ ಫೈಲ್. ನಿಕಾನ್ ಬಾಡಿಗಳು ಶಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ಎಷ್ಟು ಸಲ ಹೊಡೆದಿದೆ ಎಂಬುದನ್ನು ಫೋಟೋದೊಳಗೇ ಬರೆದಿಡುತ್ತವೆ. ಎಕ್ಸಿಫ್‌ಟೂಲ್ ಎನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಕಾಣುತ್ತದೆ. ಡಿ7000ದ ಶಟರನ್ನು 1,50,000 ಹೊಡೆತಕ್ಕೆ ಪರೀಕ್ಷಿಸಿದ್ದೇವೆ ಅಂತ ಕಂಪನಿ ಹೇಳಿಕೊಂಡಿದೆ. ಆ ಲೆಕ್ಕ ದಾಟಿದ ತಕ್ಷಣ ಕೆಡುತ್ತದೆ ಅಂತಲ್ಲ. ಎಷ್ಟು ದುಡಿದ ಎತ್ತು ಅಂತ ಗೊತ್ತಿದ್ದರೆ ಬೆಲೆ ಮಾತಾಡಲು ಆಗುತ್ತದೆ. ಬ್ಯಾಟರಿಯದ್ದೂ ನೋಡಬೇಕು. ಸೆಟಪ್ ಮೆನುವಿನಲ್ಲಿ ಬ್ಯಾಟರಿ ಮಾಹಿತಿ ತೆರೆದರೆ ಅದರ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ. 4 ಅಂದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.

ಲೆನ್ಸ್ ಮೌಂಟಿನ ಉಂಗುರ, ಅದರ ಸ್ಕ್ರೂಗಳು, ಕಾರ್ಡ್ ಹಾಕುವ ಜಾಗ, ಬ್ಯಾಟರಿ ಮುಚ್ಚಳದ ಚಿಲಕ ಇಷ್ಟನ್ನು ಬೆಳಕಿನಲ್ಲಿ ನೋಡಿದರೆ ಕ್ಯಾಮೆರಾ ಬಿದ್ದಿತ್ತಾ ಎಂಬುದು ಗೊತ್ತಾಗುತ್ತದೆ. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಆಗ ಯಾಕೆ ಬಿಚ್ಚಿದ್ದು ಅಂತ ಕೇಳಲೇಬೇಕು.

ಲೆನ್ಸ್: ಟಾರ್ಚ್ ಹಾಕಿ ನೋಡಿದಾಗ

50 ಎಂಎಂ ಎಫ್/1.8, ಮ್ಯಾನುಯಲ್ ಫೋಕಸ್, ಲೋಹದ ಮೈ. ಊರಿನ ಸ್ಟುಡಿಯೋದವರು ಕಪಾಟು ಖಾಲಿ ಮಾಡುವಾಗ ಕೊಟ್ಟಿದ್ದು.

"ಇದನ್ನ ನೀನೇ ಇಟ್ಕೋ ಮಾರಾಯ. ಸುಮ್ನೆ ಬಿದ್ದು ಹಾಳಾಗ್ತಿದೆ" ಅಂದರು.

"ಅಣ್ಣ, ಇಷ್ಟು ವರ್ಷ ಏನೂ ಆಗದ್ದು ಈಗ ಹ್ಯಾಗೆ ಬೂಷ್ಟು ಹಿಡೀತು?"

"ಅದೇ ನಂಗೂ ಗೊತ್ತಾಗ್ಲಿಲ್ಲ ನೋಡು. ಕಪಾಟಲ್ಲಿ ಜೀರೋ ಬಲ್ಬು ಆವಾಗ್ಲೂ ಉರೀತಿತ್ತು, ಈಗ್ಲೂ ಉರೀತಿದೆ."

ಅವರ ಬಲ್ಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ತಿಳಿಯುವುದಿದೆ.

ಲೆನ್ಸ್ ಪರೀಕ್ಷೆ ಹೀಗೆ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಉಂಗುರ 1.8ಕ್ಕೆ ತಂದು ಕಿಂಡಿ ಪೂರ್ತಿ ತೆರೆದು, ಕತ್ತಲ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಡಬೇಕು. ನೇರ ನೋಡಿದರೆ ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. ಸ್ವಲ್ಪ ಓರೆ ಹಿಡಿದು ನೋಡಿ. ಚುಕ್ಕಿ ಚುಕ್ಕಿ ಕಂಡರೆ ಧೂಳು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಕಾಣುವುದಿಲ್ಲ. ಇಡೀ ಗಾಜಿಗೆ ತೆಳ್ಳಗೆ ಮಂಜು ಕವಿದಂತಿದ್ದರೆ ಬಹುಪಾಲು ಒಳಗಿನ ಗ್ರೀಸ್‌ನ ಆವಿ. ಅಂಚಿನಲ್ಲಿ ಗುಳ್ಳೆ, ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜು ಅಂಟಿಸಿದ ಅಂಟು ಬಿಡುತ್ತಿದೆ ಅಂತ ಅರ್ಥ. ಅಂಥ ಲೆನ್ಸ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ, ಮನೆಯಲ್ಲಿ ಸರಿಯಾಗುವುದಿಲ್ಲ.

ಇದರಲ್ಲಿ ಇದ್ದದ್ದು ಬೂಷ್ಟೇ. ಗಾಜಿನ ಅಂಚಿನಿಂದ ಹೊರಟ ಬಿಳಿ ಎಳೆ. ಮುಂದೆ ಹೋಗುತ್ತ ಕವಲೊಡೆದು, ಕವಲು ಮತ್ತೆ ಕವಲೊಡೆದು ನಡುವಿನ ಕಡೆಗೆ ಬಂದಿತ್ತು. ಟಾರ್ಚ್ ಆರಿಸಿ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಲೆನ್ಸ್ ಹೊಸದರ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ನೋಡಿ ತಗೊಂಡರೆ ಮೋಸ ಹೋಗುವುದು ಇಲ್ಲೇ.

ಎಳೆ ಎಲ್ಲಿದೆ ಅಂತ ಕಂಡುಹಿಡಿಯಲು ಅಪರ್ಚರ್ ಉಂಗುರವನ್ನು 22ಕ್ಕೆ ತಿರುಗಿಸಿದೆ. ಒಳಗಿನ ತೆಳು ಎಲೆಗಳು ಮುಚ್ಚಿಕೊಂಡು ಕಿಂಡಿ ಚಿಕ್ಕದಾಯಿತು. ಮುಂದಿನಿಂದ ನೋಡಿದರೆ ಗಾಜು ಸ್ವಚ್ಛ. ಹಿಂದಿನಿಂದ ನೋಡಿದರೆ ಎಳೆ ಹಾಗೇ ಕಾಣುತ್ತಿದೆ. ಹಾಗಾದರೆ ಬೂಷ್ಟು ಎಲೆಗಳ ಹಿಂದಿನ ಅರ್ಧದಲ್ಲಿದೆ. ಇದು ಖುಷಿಯ ಸುದ್ದಿ.

ಯಾಕೆ ಅಂದರೆ 50 ಎಂಎಂ ಲೆನ್ಸ್‌ಗಳ ಒಳಗಟ್ಟು ಬಹುಪಾಲು ಒಂದೇ ತರ. ಡಬಲ್ ಗಾಸ್ ಅಂತಾರೆ. ನಡುವೆ ಅಪರ್ಚರ್ ಎಲೆಗಳು, ಮುಂದೊಂದು ಗಾಜಿನ ಗುಂಪು, ಹಿಂದೊಂದು ಗಾಜಿನ ಗುಂಪು. ಜರ್ಮನಿಯ ಜೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ 1896ರಲ್ಲಿ ಮಾಡಿದ ಪ್ಲಾನರ್ ಲೆನ್ಸ್‌ನಿಂದ ಬಂದ ಕಟ್ಟು ಇದು. ಇಷ್ಟು ವರ್ಷವಾದರೂ ಅದೇ ನಡೆಯುತ್ತಿದೆ. ರಿಪೇರಿ ಮಾಡುವವನಿಗೆ ಇದರಿಂದ ಒಂದು ಉಪಕಾರ. ಇಂಥ ಎಷ್ಟೋ ಹಳೆಯ ಲೆನ್ಸ್‌ಗಳಲ್ಲಿ ಹಿಂದಿನ ಗುಂಪನ್ನು ಇಡಿಯಾಗಿ ತಿರುಗಿಸಿ ಹೊರಗೆ ತೆಗೆಯಬಹುದು. ಫೋಕಸ್ ತಿರುಗಿಸುವ ದೊಡ್ಡ ಮರೆಯನ್ನು (ಸ್ಕ್ರೂವಿನಂಥ ಸುತ್ತುಗೆರೆಯನ್ನು) ಮುಟ್ಟುವ ಅಗತ್ಯವೇ ಇಲ್ಲ. ಅದನ್ನು ಬಿಚ್ಚಿದರೆ ಮತ್ತೆ ಯಾವ ಗೆರೆಯಲ್ಲಿ ಕೂರಿಸುವುದು ಎಂಬ ತಾಪತ್ರಯ ಶುರು.

ಬಿಚ್ಚಿದ್ದು, ಒರೆಸಿದ್ದು

ಈ ಕೆಲಸಕ್ಕೆ ಮೇ ತಿಂಗಳ ಬಿಸಿಲಿರುವ ಮಧ್ಯಾಹ್ನ ಒಳ್ಳೆಯದು. ಮಳೆಗಾಲದಲ್ಲಿ ಬಿಚ್ಚಿ ಮುಚ್ಚಿದರೆ ಹಸಿ ಗಾಳಿಯನ್ನೇ ಒಳಗಿಟ್ಟು ಮುಚ್ಚಿದ ಹಾಗಾಗುತ್ತದೆ. ಫ್ಯಾನ್ ಆಫ್. ಮೇಜಿನ ಮೇಲೆ ಬಿಳಿ ಟವೆಲ್. ಬಿದ್ದ ಸ್ಕ್ರೂ ಉರುಳುವುದಿಲ್ಲ, ಕಾಣಲೂ ಕಾಣುತ್ತದೆ.

ಬೇಕಾದದ್ದು: ಎರಡು ಮೊನೆಯ ಲೆನ್ಸ್ ಸ್ಪ್ಯಾನರ್, ಬ್ಲೋವರ್ (ಕೈಯಲ್ಲಿ ಒತ್ತಿ ಗಾಳಿ ಬಿಡುವ ರಬ್ಬರ್ ಬುರುಡೆ), ಕೈಗವಸು, ಲೆನ್ಸ್ ಟಿಶ್ಯೂ, ಐಸೊಪ್ರೊಪೈಲ್ ಆಲ್ಕೊಹಾಲ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಮೆಡಿಕಲ್ ಶಾಪಿನ ಹೈಡ್ರೊಜನ್ ಪೆರಾಕ್ಸೈಡ್. ಸ್ಕ್ರೂ ಬಿಚ್ಚುವುದಿದ್ದರೆ ಸ್ಕ್ರೂಡ್ರೈವರ್ ವಿಷಯದಲ್ಲಿ ಹುಷಾರು. ಜಪಾನಿನ ಕ್ಯಾಮೆರಾ, ಲೆನ್ಸ್‌ಗಳಲ್ಲಿ ಇರುವುದು ಜೆಐಎಸ್ (ಜಪಾನಿನ ಮಾನಕ) ಅಳತೆಯ ಸ್ಕ್ರೂ. ನೋಡಲು ನಮ್ಮ ಸ್ಟಾರ್ ಸ್ಕ್ರೂ ತರವೇ ಇದೆ. ಮಾಮೂಲಿ ಫಿಲಿಪ್ಸ್ ಡ್ರೈವರ್ ಹಾಕಿ ಒತ್ತಿದರೆ ಮೊನೆ ಎದ್ದು ಬಂದು ಸ್ಕ್ರೂ ತಲೆ ಉರುಟಾಗುತ್ತದೆ. ಜೆಐಎಸ್ ಡ್ರೈವರ್ ಒಂದನ್ನು ತರಿಸಿಕೊಂಡರೆ ಜೀವಮಾನಕ್ಕಾಯಿತು.

ಲೆನ್ಸನ್ನು ಹಿಂಬದಿ ಮೇಲೆ ಮಾಡಿ ಇಟ್ಟೆ. ಹಿಂದಿನ ಗಾಜಿನ ಸುತ್ತ ಇರುವ ಕಪ್ಪು ಉಂಗುರದಲ್ಲಿ ಎದುರುಬದುರು ಎರಡು ಸಣ್ಣ ಗೀರು ಇರುತ್ತವೆ. ಸ್ಪ್ಯಾನರ್ ಮೊನೆ ಕೂರುವ ಜಾಗ ಅದು. ಗಾಜಿನ ಮೇಲೆ ಟಿಶ್ಯೂ ಮಡಚಿ ಹಾಕಿದೆ, ಮೊನೆ ಜಾರಿದರೂ ಗಾಜಿಗೆ ಗೀರು ಬೀಳಬಾರದು. ಮೊನೆ ಎರಡೂ ಗಟ್ಟಿ ಕೂತ ಮೇಲೆ ಎಡಕ್ಕೆ ತಿರುವಿದೆ. ಬಿಡಲಿಲ್ಲ. ಇಂಥ ಕಡೆ ಜೋರು ಮಾಡಬಾರದು. ಮರೆಯ ಸಂದಿಗೆ ಕಡ್ಡಿ ಮೊನೆಯಿಂದ ಒಂದೇ ಒಂದು ಹನಿ ಆಲ್ಕೊಹಾಲ್ ಬಿಟ್ಟು, ಹಳೆಯ ಅಂಟು ಮೆತ್ತಗಾಗುವವರೆಗೆ ಕಾದು ಮತ್ತೆ ತಿರುವಿದೆ. ಸಣ್ಣ ಶಬ್ದ ಮಾಡಿ ಬಿಟ್ಟುಕೊಂಡಿತು. ಆಮೇಲೆ ಬೆರಳಲ್ಲೇ ಸುತ್ತಿ ತೆಗೆದೆ. ಹಿಂದಿನ ಗುಂಪು ಇಡಿಯಾಗಿ ಕೈಗೆ ಬಂತು. ಕೆಳಗೆ ಅಪರ್ಚರ್ ಎಲೆಗಳು ಕಾಣುತ್ತಿದ್ದವು. ಎಣ್ಣೆ ಹತ್ತಿರಲಿಲ್ಲ. ಅವುಗಳನ್ನು ಮುಟ್ಟಲೂ ಬಾರದು, ಕಾಗದಕ್ಕಿಂತ ತೆಳು.

ಬೂಷ್ಟು ಇದ್ದದ್ದು ಎಲೆಗಳ ಕಡೆಗೆ ಮುಖ ಮಾಡಿದ ಗಾಜಿನ ಮೇಲೆ. ಅಲ್ಲಿ ಗಾಳಿಯಾಟ ಇಲ್ಲ, ಬೆಳಕಿಲ್ಲ, ಗ್ರೀಸ್‌ನ ಆವಿ ತೆಳ್ಳಗೆ ಕೂತಿರುತ್ತದೆ. ಬೂಷ್ಟಿಗೆ ಬೇಕಾದ್ದೆಲ್ಲ ಸಿಕ್ಕಿತು. ಗಾಜನ್ನೇ ಅದು ತಿನ್ನುವುದಲ್ಲ. ಗಾಜಿನ ಮೇಲಿನ ಧೂಳು, ಜಿಡ್ಡು ತಿಂದು ಬೆಳೆಯುತ್ತದೆ. ಬೆಳೆಯುವಾಗ ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ಕೊರೆಯುತ್ತದೆ. ಬೇಗ ಒರೆಸಿದರೆ ಕಲೆಯೂ ಉಳಿಯುವುದಿಲ್ಲ. ವರ್ಷಗಟ್ಟಲೆ ಬಿಟ್ಟರೆ ಬೂಷ್ಟು ಹೋದ ಮೇಲೂ ಅದರ ಗುರುತು ಇರುತ್ತದೆ.

ನಮ್ಮಲ್ಲಿ ಮೆಡಿಕಲ್‌ನಲ್ಲಿ ಸಿಗುವ ಪೆರಾಕ್ಸೈಡ್ ಸಾಮಾನ್ಯವಾಗಿ ಶೇಕಡಾ 6ರದ್ದು. ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ 3ಕ್ಕೆ ಇಳಿಸಿದೆ. ಟಿಶ್ಯೂ ಒದ್ದೆ ಮಾಡಿ ಹಿಂಡಿ, ಗಾಜಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟು, ಆಮೇಲೆ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿದೆ. ಪ್ರತಿ ಸಲ ಹೊಸ ಟಿಶ್ಯೂ. ದ್ರವವನ್ನು ನೇರವಾಗಿ ಗಾಜಿನ ಮೇಲೆ ಸುರಿಯಬಾರದು. ಅಂಚಿನಿಂದ ಒಳಗೆ ಇಳಿದರೆ ಗಾಜಿನ ಪಕ್ಕದ ಕಪ್ಪು ಬಣ್ಣ, ಗಾಜು ಜೋಡಿಸಿದ ಅಂಟು ಎರಡಕ್ಕೂ ಪೆಟ್ಟು. ಪೆರಾಕ್ಸೈಡ್ ಆದ ಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಆಲ್ಕೊಹಾಲ್. ಆಲ್ಕೊಹಾಲ್ ಆರುವಾಗ ಗೆರೆ ಉಳಿದರೆ ಮತ್ತೊಮ್ಮೆ.

ಎಳೆಗಳೆಲ್ಲ ಹೋದವು. ಅಂಚಿನ ಹತ್ತಿರ, ಬೂಷ್ಟು ಹುಟ್ಟಿದ ಜಾಗದಲ್ಲಿ, ಕೋಟಿಂಗ್ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಗುರುತು ಉಳಿದಿದೆ. ಎಷ್ಟು ಉಜ್ಜಿದರೂ ಅದು ಹೋಗುವುದಲ್ಲ, ಉಜ್ಜಲೂ ಬಾರದು.

ಬಿಸಿಲಿಗಿಟ್ಟರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಬಿಸಿಲಿಗೆ ಬೂಷ್ಟಿನ ಬೆಳವಣಿಗೆ ತಡೆಯಬಹುದು, ಗಾಜಿಗೆ ಅಂಟಿದ ಎಳೆ ಎಲ್ಲೂ ಹೋಗುವುದಿಲ್ಲ. ಮೇಲಾಗಿ ಲೆನ್ಸ್ ಅಂದರೆ ಭೂತಗನ್ನಡಿ. ಬಿಸಿಲಲ್ಲಿ ಬಿಟ್ಟು ಒಳಗೆ ಹೋದರೆ ಕೆಳಗಿನ ಬಟ್ಟೆ ಸುಟ್ಟೀತು.

ಮುಚ್ಚುವ ಮೊದಲು ಬ್ಲೋವರ್ ಹೊಡೆದು, ಗುಂಪನ್ನು ಮರೆಯ ಮೇಲಿಟ್ಟು, ಮೊದಲು ಎಡಕ್ಕೆ ತಿರುಗಿಸಿದೆ. ಒಂದು ಹಂತದಲ್ಲಿ ಗುಂಪು ಟಿಕ್ ಅಂತ ಸ್ವಲ್ಪ ಕೆಳಗಿಳಿಯುತ್ತದೆ. ಎರಡೂ ಮರೆಗಳ ಬಾಯಿ ಕೂಡುವ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಬೆಣ್ಣೆಯಂತೆ ಹೋಗುತ್ತದೆ. ಹಾಗೆ ಮಾಡದೆ ನೇರ ಬಲಕ್ಕೆ ಒತ್ತಿದರೆ ತೆಳ್ಳಗಿನ ಮರೆ ಅಡ್ಡ ಹತ್ತಿ ಕಚ್ಚಿಕೊಳ್ಳುತ್ತದೆ. ಗುಂಪು ಪೂರ್ತಿ ಕೂತು ನಿಂತ ಮೇಲೆ ಕ್ಯಾಮೆರಾಕ್ಕೆ ಹಾಕಿ, ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ಕಾಣುವ ಚಿತ್ರ) ದೊಡ್ಡದು ಮಾಡಿ, ದೂರದ ಗುಡ್ಡದ ಮೊಬೈಲ್ ಟವರ್ ನೋಡಿದೆ. ಫೋಕಸ್ ಉಂಗುರ ಅನಂತದ ಗುರುತಿಗೆ ಬಂದಾಗ ಟವರಿನ ಕಂಬಿಗಳು ಚೂಪಾಗಿ ಕಂಡವು. ಸರಿಯಾಗಿ ಕೂತಿದೆ.

ಉಳಿದ ಗುರುತಿನಿಂದ ಫೋಟೋಕ್ಕೆ ಏನಾಗುತ್ತದೆ? ಮಾಮೂಲಿ ಬೆಳಕಿನಲ್ಲಿ ಏನೂ ಇಲ್ಲ. ಸೂರ್ಯ ಎದುರಿದ್ದರೆ ನೆರಳಿನ ಕಪ್ಪು ಸ್ವಲ್ಪ ಬೂದಿಯಾಗುತ್ತದೆ. ಲೆನ್ಸ್ ಹುಡ್ (ಓರೆ ಬೆಳಕು ತಡೆಯುವ ಮುಂದಿನ ಕೊಳವೆ) ಹಾಕಿದರೆ ಬಹಳಷ್ಟು ಸರಿಹೋಗುತ್ತದೆ.

ನನ್ನ ಇನ್ನೊಂದು ಲೆನ್ಸ್ ಆಟೋಫೋಕಸ್ ಜೂಮ್. ಅದನ್ನು ಮನೆಯಲ್ಲಿ ಬಿಚ್ಚುವುದಿಲ್ಲ. ಒಳಗೆ ಮೋಟರ್, ಕಾಗದದಂಥ ರಿಬ್ಬನ್ ಕೇಬಲ್, ಒಂದರೊಳಗೊಂದು ಜಾರುವ ಕೊಳವೆಗಳು. ಒಂದು ಗಾಜು ಸ್ವಲ್ಪ ಓರೆಯಾದರೂ ಚಿತ್ರದ ಒಂದು ಬದಿ ಮಸುಕು. ಅದಕ್ಕೆ ಬೂಷ್ಟು ಬಂದರೆ ಸರ್ವಿಸ್ ಸೆಂಟರೇ ಗತಿ, ಬಿಲ್ಲೂ ದೊಡ್ಡದು. ಹಾಗಾಗಿ ಬಾರದ ಹಾಗೆ ನೋಡಿಕೊಳ್ಳುವುದೇ ಕೆಲಸ.

ಒಣ ಡಬ್ಬಿ

ಈಗ ಸ್ಟುಡಿಯೋ ಅಣ್ಣನ ಬಲ್ಬಿನ ವಿಷಯ. ಹೆಸರಿಗೆ ಜೀರೋ ವಾಟ್ ಆದರೂ ಹಳೆಯ ತಂತಿ ಬಲ್ಬ್ 12ರಿಂದ 15 ವಾಟ್ ಎಳೆಯುತ್ತಿತ್ತು. ಅದರಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಕಪಾಟಿನೊಳಗೆ 22 ಡಿಗ್ರಿ ಇದ್ದ ಗಾಳಿ 27ಕ್ಕೆ ಏರಿದರೆ, ನೀರಿನ ಅಂಶ ಅಷ್ಟೇ ಇದ್ದರೂ, ಸಾಪೇಕ್ಷ ತೇವಾಂಶ 90ರಿಂದ 68ರ ಹತ್ತಿರಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಜಾಸ್ತಿ ನೀರು ಹಿಡಿದುಕೊಳ್ಳಬಲ್ಲದು, ಅದಕ್ಕೆ. ಬೂಷ್ಟನ್ನು ದೂರ ಇಡಲು ಅಷ್ಟು ಹೆಚ್ಚುಕಡಿಮೆ ಸಾಕಾಗುತ್ತಿತ್ತು. ಆ ಬಲ್ಬ್ ಸುಟ್ಟುಹೋದ ಮೇಲೆ ಅಣ್ಣ ಹಾಕಿದ್ದು ಎಲ್‌ಇಡಿ. ಅದು ಎಳೆಯುವುದೇ ಅರ್ಧ ವಾಟ್. ಬೆಳಕು ಅಷ್ಟೇ ಇದೆ, ಬಿಸಿ ಇಲ್ಲ. ಊರಿನಲ್ಲಿ ಈ ಉಪಾಯ ನಂಬಿಕೊಂಡು ಕೂತವರು ಇನ್ನೂ ಇದ್ದಾರೆ, ಒಮ್ಮೆ ಬಲ್ಬ್ ಮುಟ್ಟಿ ನೋಡಿ.

ಕರೆಂಟಿನ ಡ್ರೈ ಕ್ಯಾಬಿನೆಟ್ ತಗೊಳ್ಳಬಹುದಿತ್ತು. ಒಳ್ಳೆಯ ಸಾಮಾನು, ಕರೆಂಟೂ ಸ್ವಲ್ಪವೇ ಸಾಕು. ಆದರೆ ನಮ್ಮಲ್ಲಿ ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಬರುವುದು ಯಾವಾಗಲೋ. ತೇವಾಂಶ ಅತಿ ಜಾಸ್ತಿ ಇರುವ ದಿನಗಳಲ್ಲೇ ಕರೆಂಟ್ ಇಲ್ಲ ಅಂದರೆ ಕ್ಯಾಬಿನೆಟ್ ಬರೀ ಕಪಾಟು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರು ಧಾರಾಳವಾಗಿ ತಗೊಳ್ಳಿ.

ನಾನು ತಂದದ್ದು ಅಡುಗೆ ಸಾಮಾನು ಇಡುವ 20 ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಸುತ್ತ ಸಿಲಿಕೋನ್ ಗ್ಯಾಸ್ಕೆಟ್, ನಾಲ್ಕು ಕಡೆ ಕ್ಲಿಪ್. ಪರೀಕ್ಷೆಗೆ ಒಳಗೆ ಟಿಶ್ಯೂ ಹಾಸಿ, ಮುಚ್ಚಿ, ತಲೆಕೆಳಗಾಗಿ ಹಿಡಿದು ಮುಚ್ಚಳದ ಸಂದಿಗೆ ನಲ್ಲಿ ಬಿಟ್ಟೆ. ಟಿಶ್ಯೂ ಒಣಗೇ ಇತ್ತು.

ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಇಲ್ಲದೆ ಡಬ್ಬಿ ಕಟ್ಟಿ ಪ್ರಯೋಜನವಿಲ್ಲ. ಆದರೆ ಅಗ್ಗದ ಡಿಜಿಟಲ್ ಹೈಗ್ರೋಮೀಟರ್ ಹೇಳಿದ್ದನ್ನೆಲ್ಲ ನಂಬಲೂ ಬಾರದು. ಅದನ್ನು ಉಪ್ಪಿನಲ್ಲಿ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಹೈಗ್ರೋಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ, ಇದು ಉಪ್ಪಿನ ಗುಣ. ನನ್ನದು 79 ತೋರಿಸಿತು. ಹಿಂದೆ '4 ಕಳೆ' ಅಂತ ಚೀಟಿ ಅಂಟಿಸಿದೆ.

ತೇವ ಹೀರುವ ಸಿಲಿಕಾ ಜೆಲ್ ಎಷ್ಟು ಬೇಕು? ಇದನ್ನು ಲೆಕ್ಕ ಹಾಕಿದಾಗ ಒಂದು ವಿಷಯ ಹೊಳೆಯಿತು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರು ಹಿಡಿಯುತ್ತದೆ. 20 ಲೀಟರ್ ಡಬ್ಬಿಯ ಗಾಳಿಯಲ್ಲಿ ಅರ್ಧ ಗ್ರಾಂ ಕೂಡ ಇಲ್ಲ. 90ರಿಂದ 45ಕ್ಕೆ ಇಳಿಸಲು ತೆಗೆಯಬೇಕಾದ್ದು ಬರೀ 0.2 ಗ್ರಾಂ. ಸಿಲಿಕಾ ಜೆಲ್ ಆ ಮಟ್ಟದ ತೇವಾಂಶದಲ್ಲಿ ತನ್ನ ತೂಕದ ಸುಮಾರು ಐದನೇ ಒಂದು ಭಾಗ ನೀರು ಕುಡಿಯುತ್ತದೆ. 250 ಗ್ರಾಂ ಜೆಲ್ ಹತ್ತಿರ 50 ಗ್ರಾಂ ಕುಡಿದೀತು. ಹಾಗಾದರೆ ಜೆಲ್ ಯಾಕೆ ಬೇಗ ಸೋಲುತ್ತದೆ? ಡಬ್ಬಿಯೊಳಗೆ ಹಾಕುವ ಬ್ಯಾಗು, ಸ್ಪಂಜು, ಬಟ್ಟೆಯ ಬೆಲ್ಟು ಇವೇ ನೀರಿನ ಗೋದಾಮು. ಕ್ಯಾಮೆರಾ ಬ್ಯಾಗ್ ಸಮೇತ ಡಬ್ಬಿಗೆ ಹಾಕುವವರ ಜೆಲ್ ಕ್ಯಾಮೆರಾ ಒಣಗಿಸುವ ಬದಲು ಬ್ಯಾಗ್ ಒಣಗಿಸುತ್ತ ಕೂರುತ್ತದೆ. ಅದಕ್ಕೆ ನನ್ನ ಡಬ್ಬಿಯಲ್ಲಿ ಬಾಡಿ, ಲೆನ್ಸ್, ಜೆಲ್, ಹೈಗ್ರೋಮೀಟರ್ ಇಷ್ಟೇ. ಕುತ್ತಿಗೆ ಬೆಲ್ಟ್ ಬಿಚ್ಚಿ ಹೊರಗೆ ನೇತುಹಾಕಿದ್ದೇನೆ. ಅಡಿಗೆ ಸ್ಪಂಜಿನ ಬದಲು ತೂತಿರುವ ರಬ್ಬರ್ ಮ್ಯಾಟ್.

ಜೆಲ್‌ನಲ್ಲಿ ನೀಲಿ ಬಣ್ಣದ್ದು ಅಗ್ಗಕ್ಕೆ ಸಿಗುತ್ತದೆ. ಆ ನೀಲಿ ಬರುವುದು ಕೋಬಾಲ್ಟ್ ಕ್ಲೋರೈಡ್‌ನಿಂದ, ಅದು ವಿಷ. ಮಕ್ಕಳಿರುವ ಮನೆಗೆ ಬೇಡ. ಕಿತ್ತಳೆ ಬಣ್ಣದ್ದು ತಗೊಳ್ಳಿ, ನೀರು ಕುಡಿದ ಮೇಲೆ ಹಸಿರಾಗುತ್ತದೆ. ನಾನು ತಂದದ್ದು ಬಣ್ಣವೇ ಇಲ್ಲದ ಬಿಳಿ ಜೆಲ್. ಬಣ್ಣದ ಬದಲು ಅಡುಗೆಮನೆಯ ತಕ್ಕಡಿ ನೋಡುತ್ತೇನೆ. ಒಣಗಿದಾಗ ಚೀಲ ಸಮೇತ 258 ಗ್ರಾಂ, ಚೀಲದ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೇನೆ. 300ರ ಹತ್ತಿರ ಬಂದರೆ ಹುರಿಯುವ ಹೊತ್ತಾಯಿತು ಅಂತ. ಹುರಿಯಲು ಅಡುಗೆಗೆ ಬಳಸದ ಹಳೆಯ ಕಬ್ಬಿಣದ ಬಾಣಲೆ, ಸಣ್ಣ ಉರಿ, ಆಗಾಗ ಕೈಯಾಡಿಸುವುದು. ಬಣ್ಣದ ಜೆಲ್ ಆದರೆ 120 ಡಿಗ್ರಿ ದಾಟಿಸಬೇಡಿ, ಬಣ್ಣ ಸತ್ತುಹೋಗುತ್ತದೆ. ತೂಕ ಇಳಿಯುವುದು ನಿಂತ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಆರಿಸಿ. ತೆರೆದಿಟ್ಟು ಆರಿಸಿದರೆ ಆರುವಷ್ಟರಲ್ಲೇ ಕುಡಿಯಲು ಶುರು ಮಾಡಿರುತ್ತದೆ.

ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಅನ್ನುವವರು ಈಗಲೂ ಸಿಗುತ್ತಾರೆ. ಅಕ್ಕಿಯೊಳಗೇ ಶೇಕಡಾ 12ರಿಂದ 14 ನೀರಿರುತ್ತದೆ. ಅದರ ಹುಡಿ ಲೆನ್ಸಿನ ಸಂದಿಗೆ ಹೋದರೆ ಬೂಷ್ಟಿಗೆ ಊಟ ಬಡಿಸಿದ ಹಾಗೆ. ದಯವಿಟ್ಟು ಬೇಡ.

ಎಲ್ಲ ಜೋಡಿಸಿ ರಾತ್ರಿ ಮುಚ್ಚಿದೆ. ಬೆಳಿಗ್ಗೆ ಹೊರಗೆ 88, ಡಬ್ಬಿಯೊಳಗೆ 4 ಕಳೆದು 43. ನನಗೆ ಬೇಕಾದ್ದು 40ರಿಂದ 50ರ ನಡುವೆ. ತೀರಾ ಒಣಗಿಸಿದರೆ ರಬ್ಬರ್, ಗ್ರೀಸ್‌ಗಳಿಗೆ ಒಳ್ಳೆಯದಲ್ಲ. 35ಕ್ಕಿಂತ ಕೆಳಗೆ ಹೋದರೆ ಸ್ವಲ್ಪ ಜೆಲ್ ಹೊರಗೆ ತೆಗೆಯುವುದು.

ಸೆನ್ಸರ್

ಧೂಳು ಎಲ್ಲಿದೆ ಅಂತ ನೋಡಲು ಎಫ್/22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಫೋಟೋ ತೆಗೆದೆ. ಶಟರ್ ನಿಧಾನ ಇದ್ದಾಗ ಕ್ಯಾಮೆರಾ ಅಲ್ಲಾಡಿಸಿದರೂ ಪರವಾಗಿಲ್ಲ, ಅಲ್ಲಾಡಿಸಿದರೇ ಒಳ್ಳೆಯದು. ಗೋಡೆಯ ಕಲೆಗಳು ಕದಡಿಹೋಗುತ್ತವೆ, ಸೆನ್ಸರಿನ ಧೂಳು ಮಾತ್ರ ಇದ್ದಲ್ಲೇ ಚುಕ್ಕಿಯಾಗಿ ನಿಲ್ಲುತ್ತದೆ. ನನ್ನದರಲ್ಲಿ ಆಕಾಶ ಬರುವ ಜಾಗದಲ್ಲೇ, ಎಡ ಮೇಲ್ಮೂಲೆಯಲ್ಲಿ, ಚುಕ್ಕಿಗಳ ಗುಂಪು. ಕುಂದಾದ್ರಿ ಬೆಟ್ಟದ ಮೇಲೆ ಗಾಳಿಯಲ್ಲಿ ಲೆನ್ಸ್ ಬದಲಿಸಿದ್ದರ ಫಲ.

ಫೋಟೋದ ಎಡ ಮೇಲ್ಮೂಲೆ ಅಂದರೆ ಸೆನ್ಸರಿನ ಯಾವ ಮೂಲೆ? ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಕ್ಯಾಮೆರಾ ನಿಮ್ಮ ಕಡೆ ಮುಖ ಮಾಡಿ ನಿಂತಿದ್ದರೆ ಎಡ ಎಡವೇ, ಮೇಲಿನದು ಮಾತ್ರ ಕೆಳಗೆ. ಹಾಗಾಗಿ ಎಡ ಕೆಳಮೂಲೆ ನೋಡಬೇಕು.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಸೆನ್ಸರ್ ಮುಂದಿನ ಕನ್ನಡಿ ಎತ್ತಿ ನಿಲ್ಲಿಸುವ ಆಯ್ಕೆ ಕೊಟ್ಟು, ಬಾಡಿಯ ಬಾಯಿ ಕೆಳಗೆ ಮಾಡಿ ಬ್ಲೋವರ್ ಹೊಡೆದೆ. ಬ್ಯಾಟರಿ ಕಮ್ಮಿ ಇದ್ದರೆ ಕ್ಯಾಮೆರಾ ಈ ಆಯ್ಕೆಯನ್ನೇ ಕೊಡುವುದಿಲ್ಲ, ನಡುವೆ ಕನ್ನಡಿ ಬಿದ್ದರೆ ಕಷ್ಟ ಅಂತ. ಬ್ಲೋವರಿನ ಮೂತಿ ಬಾಡಿಯ ಒಳಗೆ ಹೋಗಬಾರದು. ಬಾಯಲ್ಲಿ ಊದುವುದು, ಸ್ಪ್ರೇ ಡಬ್ಬಿಯ ಒತ್ತಡದ ಗಾಳಿ ಹೊಡೆಯುವುದು ಎರಡೂ ಬೇಡ. ಒಂದರಲ್ಲಿ ಎಂಜಲು, ಇನ್ನೊಂದರಲ್ಲಿ ರಾಸಾಯನಿಕ ಸಿಡಿಯುತ್ತದೆ.

ಬಹಳಷ್ಟು ಹೋಯಿತು, ಒಂದೆರಡು ಚುಕ್ಕಿ ಅಂಟಿಕೊಂಡೇ ಇದ್ದವು. ಅದಕ್ಕೆ ಒದ್ದೆ ಸ್ವಾಬ್ (ಕಡ್ಡಿಗೆ ಬಟ್ಟೆ ಕಟ್ಟಿದ ಒರೆಸುವ ಸಾಧನ). ಈ ಸೆನ್ಸರ್ 23.6 x 15.6 ಮಿಲಿಮೀಟರ್, ಆದ್ದರಿಂದ 16 ಮಿಲಿಮೀಟರ್ ಅಗಲದ ಸ್ವಾಬ್ ಸರಿಯಾಗುತ್ತದೆ. ಎರಡು ಹನಿ ದ್ರವ ಹಾಕಿ ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದೇ ಎಳೆತ. ಸ್ವಾಬ್ ತಿರುಗಿಸಿ ಇನ್ನೊಂದು ಮುಖದಿಂದ ವಾಪಸ್ ಒಂದು ಎಳೆತ. ಅಷ್ಟೇ, ಅದೇ ಸ್ವಾಬ್ ಮತ್ತೆ ಬಳಸಬಾರದು. ನಾವು ಒರೆಸುವುದು ಸೆನ್ಸರನ್ನೇ ಅಲ್ಲ, ಅದರ ಮುಂದಿನ ಫಿಲ್ಟರ್ ಗಾಜನ್ನು. ಹಾಗಂತ ಹಗುರವಾಗಿ ತಗೊಳ್ಳುವ ಹಾಗಿಲ್ಲ, ಗೀರು ಬಿದ್ದರೆ ಖರ್ಚು ಬಾಡಿಯ ಬೆಲೆಗೇ ಬರುತ್ತದೆ.

ರಬ್ಬರ್, ಮತ್ತು ಆಗಸ್ಟಿನ ಲೆಕ್ಕ

ಹಿಡಿಕೆಯ ರಬ್ಬರ್ ಬೆವರು, ಕೈಯ ಜಿಡ್ಡು ಕುಡಿದು ಹಿಗ್ಗುತ್ತದೆ. ವರ್ಷಗಟ್ಟಲೆ ಕೈಯಲ್ಲಿ ಹಿಡಿದ ಯಾವ ಕಂಪನಿಯ ಕ್ಯಾಮೆರಾದಲ್ಲೂ ಇದು ಆಗುವಂಥದ್ದೇ. ಮೂಲೆಯಿಂದ ಮೆಲ್ಲಗೆ ಎಬ್ಬಿಸಿ, ಹಳೆಯ ಅಂಟನ್ನು ಆಲ್ಕೊಹಾಲ್ ಹಚ್ಚಿದ ಇಯರ್‌ಬಡ್‌ನಿಂದ ಎರಡೂ ಕಡೆ ಪೂರ್ತಿ ತೆಗೆದೆ. ಅರ್ಧಂಬರ್ಧ ತೆಗೆದರೆ ಹೊಸ ಅಂಟು ಹಿಡಿಯುವುದಿಲ್ಲ. ತೆಳ್ಳಗಿನ ಡಬಲ್ ಸೈಡ್ ಟೇಪ್ ಅಳತೆಗೆ ಕತ್ತರಿಸಿ ಹಾಕಿ ಒತ್ತಿದೆ. ಫೆವಿಕ್ವಿಕ್ ಯಾವತ್ತೂ ಹಾಕಬೇಡಿ. ಮುಂದೊಂದು ದಿನ ರಿಪೇರಿಗೆ ರಬ್ಬರ್ ಎಬ್ಬಿಸಲೇಬೇಕಾಗುತ್ತದೆ, ಕೆಲವು ಸ್ಕ್ರೂಗಳು ಅದರ ಅಡಿಯಲ್ಲೇ ಇರುತ್ತವೆ.

ಜುಲೈನಲ್ಲಿ ಕ್ಯಾಮೆರಾ ಹೊರಗೆ ತಗೊಂಡು ಹೋಗಿ ಬಂದಾಗಲೆಲ್ಲ ಅದನ್ನು ನೇರ ಡಬ್ಬಿಗೆ ಹಾಕಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಡಬ್ಬಿಗೆ. ಸಂದಿಗಳಲ್ಲಿ ಕೂತ ಹನಿ ಡಬ್ಬಿಯೊಳಗೆ ಹೋದರೆ ಜೆಲ್‌ಗೆ ಸುಮ್ನೆ ಕೆಲಸ. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಬ್ಯಾಗ್ ತೆರೆಯಬಾರದು ಎನ್ನುವುದೂ ಇದೇ ಲೆಕ್ಕ. ತಣ್ಣಗಿನ ಗಾಜಿನ ಮೇಲೆ ಹಸಿ ಗಾಳಿ ಬಿದ್ದರೆ ಒಳಗೂ ಹೊರಗೂ ಹನಿಗಟ್ಟುತ್ತದೆ. ಬ್ಯಾಗ್ ಮುಚ್ಚಿಯೇ ಇಟ್ಟು ಹೊರಗಿನ ಬಿಸಿಗೆ ಬರುವವರೆಗೆ ಕಾಯಬೇಕು.

ಆಗಸ್ಟ್ ಮೊದಲ ವಾರ ತೂಕ ನೋಡಿದಾಗ ಜೆಲ್ 287 ಗ್ರಾಂ, ಡಬ್ಬಿಯೊಳಗೆ 47. ಹುರಿಯಲು ಇನ್ನೂ ಸಮಯವಿದೆ. 50 ಎಂಎಂ ಲೆನ್ಸಿಗೆ ಮತ್ತೆ ಟಾರ್ಚ್ ಹಾಕಿ ಓರೆ ಹಿಡಿದು ನೋಡಿದೆ. ಹಳೆಯ ಗುರುತು ಇದ್ದಷ್ಟೇ ಇದೆ, ಹೊಸ ಎಳೆ ಇಲ್ಲ. ಡಬ್ಬಿಯ ಒಂದು ಕ್ಲಿಪ್ ಮಾತ್ರ ಸಡಿಲವಾಗುತ್ತಿದೆ. ಅದು ಮುರಿಯುವ ಮೊದಲು ಅದೇ ಅಳತೆಯ ಇನ್ನೊಂದು ಡಬ್ಬಿ ತರಬೇಕು. ಸ್ಟುಡಿಯೋ ಅಣ್ಣನಿಗೂ ಒಂದು ತರುತ್ತೇನೆ ಅಂದಿದ್ದೇನೆ. ಅವರ ಕಪಾಟಿನಲ್ಲಿ ಇನ್ನೂ ಒಂದು 135 ಎಂಎಂ ಇದೆ.